ದೆವ್ವದ ಕಾದಂಬರಿಯ ಮೊದಲ ವಾಕ್ಯ

ಕಳೆದ ಶ್ರಾವಣದಲ್ಲಿ ನಮ್ಮ ಕಾಲೇಜಿನ ಕನ್ನಡ ಸಂಘದ ಶನಿವಾರದ ಕೂಟದಲ್ಲಿ, ನಾನು ಬರೆಯಹೊರಟಿದ್ದ ಕಾದಂಬರಿಯೊಂದರ ಮೊದಲ ಸಾಲುಗಳನ್ನು ಓದಿದುದು ಅಂದು ಅಲ್ಲಿದ್ದ ಮಿತ್ರರಿಗೆ ನೆನಪಿರಬಹುದು. ಅವರು ನಕ್ಕದ್ದು ನನಗಂತೂ ಚೆನ್ನಾಗಿ ನೆನಪಿದೆ. ಆದರೆ ಅದು ನಗಿಸಲೆಂದು ಬರೆದುದಲ್ಲ, ಹೆದರಿಸಲೆಂದು ಬರೆದುದು. ಮರೆತವರಿಗಾಗಿ ಆ ಸಾಲುಗಳನ್ನು ಇಲ್ಲಿ ಮತ್ತೊಮ್ಮೆ ಕೊಡುತ್ತೇನೆ:

‘ಅಂದು ಅಮಾವಾಸ್ಯೆ. ನಡುರಾತ್ರಿ. ಗೂಬೆ ಕೂಗಿತು. ನಾಯಿಗಳು ಊಳಿಟ್ಟವು. ಹಾಳು ಬಾವಿಯ ಕಡೆಯಿಂದ ಗೆಜ್ಜೆಯ ಸಪ್ಪಳ ಕೇಳಿಬಂತು. ಬಿಳಿಯ ಸೀರೆಯುಟ್ಟ ಹೆಂಗಸೊಬ್ಬಳು ಕೂದಲು ಕೆದರಿಕೊಂಡು ನಿಂತಿದ್ದಳು!’

ಹಿಂದಿನ ಬೆಂಚಿನಿಂದ ಒಬ್ಬ ಮಿತ್ರ, “ಪಾದ ಹಿಂದುಮುಂದಾಗಿದ್ದುವೋ ಇಲ್ಲವೋ ಹೇಳಪ್ಪ” ಎಂದ. ಸಭೆ ಮುಗಿದ ಮೇಲೆ ನಮ್ಮ ಅಧ್ಯಾಪಕರು ನನ್ನನ್ನು ಪಕ್ಕಕ್ಕೆ ಕರೆದರು. “ಅಲ್ಲಯ್ಯಾ, ಅಮಾವಾಸ್ಯೆ, ಗೂಬೆ, ನಾಯಿ, ಗೆಜ್ಜೆ, ಬಿಳಿ ಸೀರೆ ಎಂದು ಮದುವೆ ಮನೆಗೆ ಕರೆದ ಹಾಗೆ ಎಲ್ಲರನ್ನೂ ಕರೆದಿದ್ದೀಯೆ. ಓದುಗನಿಗೆ ಕೂರುವುದಕ್ಕೇ ಜಾಗವಿಲ್ಲವಲ್ಲ! ದೊಡ್ಡವರು ಈ ಬಾಗಿಲನ್ನು ಹೇಗೆ ತೆರೆದಿದ್ದಾರೆ, ಮೊದಲು ನೋಡಿಕೊಂಡು ಬಾ” ಎಂದರು.

ನೋಡಿಕೊಂಡು ಬಂದುದರ ವರದಿಯೇ ಈ ಲೇಖನ. ಇದರಲ್ಲಿ ಪಾಂಡಿತ್ಯವೇನೂ ಇಲ್ಲ. ಆರು ತಿಂಗಳಲ್ಲಿ ಮೂರು ಸಲ ಮೊದಲ ವಾಕ್ಯವನ್ನು ಬರೆದು ಎರಡು ಸಲ ಹರಿದುಹಾಕಿದ ಒಬ್ಬ ವಿದ್ಯಾರ್ಥಿಯ ಅನುಭವ ಮಾತ್ರ ಇದೆ. ಎರಡನೆಯ ಸಲ ಹರಿದುಹಾಕಿದ್ದಕ್ಕೆ ಕಾರಣ ಯಾವ ಪುಸ್ತಕವೂ ಅಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಈ ಜಾತಿಯ ಕಾದಂಬರಿಯ ಸ್ವರೂಪವನ್ನು ಕೊಂಚ ವಿಚಾರಿಸೋಣ. ಪತ್ತೇದಾರಿ ಕಾದಂಬರಿಯ ಪ್ರಶ್ನೆ ‘ಯಾರು ಮಾಡಿದರು?’ ಎಂಬುದು. ದೆವ್ವದ ಕಥೆಯ ಪ್ರಶ್ನೆ ‘ಇದು ನಿಜವೆ?’ ಎಂಬುದು. ಇವೆರಡೂ ಒಂದೇ ಮನೆಯಲ್ಲಿ ಸುಲಭವಾಗಿ ಬಾಳುವುವಲ್ಲ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ೧೯೨೯ರಲ್ಲಿ ಪತ್ತೇದಾರಿ ಕಥೆಗಾರರಿಗೆಂದು ಹತ್ತು ಕಟ್ಟಳೆಗಳನ್ನು ಬರೆದಾಗ, ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲವೆಂಬುದನ್ನು ಅವುಗಳಲ್ಲಿ ಎರಡನೆಯದಾಗಿ ಇಟ್ಟನು. ಕೊಲೆ ಮಾಡಿದುದು ದೆವ್ವವೆಂದು ಕಡೆಯಲ್ಲಿ ಹೇಳಿಬಿಟ್ಟರೆ, ಇನ್ನೂರು ಪುಟಗಳುದ್ದಕ್ಕೂ ಸುಳುಹುಗಳನ್ನು ಕೂಡಿಹಾಕಿದ ಓದುಗನಿಗೆ ಮೋಸವಾದಂತೆಯೇ ಸರಿ. ಅತಿಮಾನುಷ ಪತ್ತೇದಾರಿ ಕಾದಂಬರಿ ಈ ಕಟ್ಟಳೆಯನ್ನು ತಿಳಿದೂ ಮುರಿಯುತ್ತದೆ. ಅದು ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿ, ಓದುಗನನ್ನು ನಡುವೆ ನಿಲ್ಲಿಸುತ್ತದೆ. ತ್ಸ್ವೆತಾನ್ ತೊದೊರೊವ್ ಎಂಬ ವಿಮರ್ಶಕ ೧೯೭೦ರಲ್ಲಿ ಫ್ರೆಂಚಿನಲ್ಲಿ ಬರೆದ ಗ್ರಂಥದಲ್ಲಿ ಈ ನಿಲುವಿಗೇ ಬೆಲೆ ಕಟ್ಟಿದನು. ಕಂಡುದಕ್ಕೆ ಲೋಕದ ಕಾರಣವಿದೆಯೋ, ಲೋಕದಾಚೆಯ ಕಾರಣವಿದೆಯೋ ಎಂದು ಓದುಗ ತೂಗಾಡುವ ಆ ಹೊತ್ತೇ ಇಂಥ ಕಥೆಗಳ ಜೀವ. ಒಂದು ಕಡೆಗೆ ತೀರ್ಮಾನವಾದೊಡನೆ ಕಥೆ ಬೇರೆ ಜಾತಿಗೆ ಸೇರುತ್ತದೆ ಎಂಬುದು ಅವನ ವಾದ.

ಹಾಗಾದರೆ ಮೊದಲ ವಾಕ್ಯದ ಕೆಲಸವೇನು? ಈ ತೂಗಾಟಕ್ಕೆ ಓದುಗನನ್ನು ಅಣಿಗೊಳಿಸುವುದು. ನನ್ನ ಬಿಳಿ ಸೀರೆಯವಳು ಮಾಡಿದ ತಪ್ಪು ಇದೇ. ಅವಳು ಆರನೆಯ ವಾಕ್ಯಕ್ಕೇ ಬಂದು ನಿಂತು, ತೂಗಾಡುವುದಕ್ಕೆ ಏನನ್ನೂ ಉಳಿಸಲಿಲ್ಲ.

ಈ ಪರಂಪರೆಯ ಮೂಲಪುರುಷನೆನ್ನಿಸಿಕೊಂಡ ಹೊರೇಸ್ ವಾಲ್ಪೋಲ್ ೧೭೬೪ರಲ್ಲಿ ಪ್ರಕಟಿಸಿದ ‘ಒಟ್ರಾಂಟೋ ಕೋಟೆ’ಯನ್ನು ನೋಡಿರಿ. ಅದರ ಮೊದಲ ವಾಕ್ಯದಲ್ಲಿ ದೆವ್ವವೂ ಇಲ್ಲ, ಕತ್ತಲೆಯೂ ಇಲ್ಲ. ರಾಜ ಮ್ಯಾನ್‌ಫ್ರೆಡನಿಗೆ ಒಬ್ಬ ಮಗ, ಒಬ್ಬ ಮಗಳು ಎಂದು ಸಂಸಾರದ ಲೆಕ್ಕ ಹೇಳಿ ಕಥೆ ತೊಡಗುತ್ತದೆ. ಮಗನಿಗೆ ಮದುವೆಯ ಸಿದ್ಧತೆ ನಡೆದಿದೆ. ಅಷ್ಟರಲ್ಲಿ, ಮನುಷ್ಯರು ಧರಿಸಲಾಗದಷ್ಟು ದೊಡ್ಡ ಶಿರಸ್ತ್ರಾಣವೊಂದು ಎಲ್ಲಿಂದಲೋ ಬಿದ್ದು ಮದುಮಗ ಅದರಡಿ ನಜ್ಜುಗುಜ್ಜಾಗುತ್ತಾನೆ. ಮೊದಲು ಮನೆ, ಆಮೇಲೆ ಮನೆಗೆ ಒದಗಿದ ಕೇಡು. ವಾಲ್ಪೋಲ್ ಇನ್ನೊಂದು ಉಪಾಯವನ್ನೂ ಮಾಡಿದನು. ತಾನು ಬರೆದುದೆಂದು ಹೇಳದೆ, ಹಳೆಯ ಇಟಾಲಿಯನ್ ಪುಸ್ತಕವೊಂದರ ಅನುವಾದವೆಂದು ಮೊದಲ ಮುದ್ರಣದಲ್ಲಿ ನಂಬಿಸಿದನು; ಎರಡನೆಯ ಮುದ್ರಣದಲ್ಲಿ ನಿಜವನ್ನು ಒಪ್ಪಿಕೊಂಡನು.

ಬ್ರಾಮ್ ಸ್ಟೋಕರನ ‘ಡ್ರಾಕುಲ’ (೧೮೯೭) ಪ್ರಾರಂಭವಾಗುವುದು ರೈಲಿನ ವೇಳಾಪಟ್ಟಿಯಿಂದ! ಕಕ್ಷಿಗಾರನೊಬ್ಬನ ಕೆಲಸಕ್ಕೆಂದು ಹೊರಟ ಹರೆಯದ ವಕೀಲ ತನ್ನ ದಿನಚರಿಯಲ್ಲಿ ಯಾವ ಊರನ್ನು ಎಷ್ಟು ಗಂಟೆಗೆ ಬಿಟ್ಟೆ, ಗಾಡಿ ಎಷ್ಟು ತಡವಾಯಿತು ಎಂದು ಬರೆಯುತ್ತಾನೆ. ಊಟಕ್ಕೆ ಬಡಿಸಿದ ಖಾರದ ಕೋಳಿ ಪದಾರ್ಥದ ಪಾಕವನ್ನು ತಾನು ಮದುವೆಯಾಗಲಿರುವ ಹುಡುಗಿಗಾಗಿ ಕೇಳಿಟ್ಟುಕೊಳ್ಳಬೇಕೆಂದು ಗುರುತು ಹಾಕಿಕೊಳ್ಳುತ್ತಾನೆ. ಓದುತ್ತ ಓದುತ್ತ ನನಗೆ ಅನ್ನಿಸಿತು: ರೈಲು ತಡವಾದುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವವನು, ನಾಳೆ ಕೋಟೆಯ ಗೋಡೆಯ ಮೇಲೆ ಮನುಷ್ಯನೊಬ್ಬ ಹಲ್ಲಿಯಂತೆ ಇಳಿದುದನ್ನು ಕಂಡೆನೆಂದರೆ ನಂಬದಿರುವುದು ಹೇಗೆ? ಸ್ಟೋಕರ್ ಟ್ರಾನ್ಸಿಲ್ವೇನಿಯವನ್ನು ಕಣ್ಣಾರೆ ಕಂಡವನಲ್ಲ. ಪುಸ್ತಕಗಳಿಂದ ವಿವರಗಳನ್ನು ಕೂಡಿಸಿಕೊಂಡವನು. ಆದರೂ ಪದಾರ್ಥದ ಖಾರವೂ ಗಾಡಿಯ ಹೊತ್ತೂ ಸೇರಿ ಆ ನಾಡನ್ನು ನಮ್ಮ ಕಣ್ಣೆದುರು ನಿಲ್ಲಿಸುತ್ತವೆ.

ಕಾನನ್ ಡಾಯ್ಲ್ ಬರೆದ ‘ಬಾಸ್ಕರ್‌ವಿಲ್ ಬೇಟೆನಾಯಿ’ ೧೯೦೧-೦೨ರಲ್ಲಿ ಸ್ಟ್ರಾಂಡ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನರಕದ ನಾಯಿಯ ಈ ಕಥೆ ಆರಂಭವಾಗುವುದು ಬೆಳಗಿನ ಉಪಾಹಾರದ ಮೇಜಿನ ಹತ್ತಿರ. ಹಿಂದಿನ ದಿನ ಯಾರೋ ಮರೆತುಹೋದ ಕೈಗೋಲೊಂದು ಅಲ್ಲಿದೆ. ವಾಟ್ಸನ್ ಅದನ್ನು ಪರೀಕ್ಷಿಸಿ ಊಹೆಗಳನ್ನು ಮಾಡುತ್ತಾನೆ. ಬಹುಪಾಲು ತಪ್ಪೆಂದು ಹೋಮ್ಸ್ ತೋರಿಸುತ್ತಾನೆ. ಕೋಲಿನ ಮೇಲಿನ ಹಲ್ಲಿನ ಗುರುತುಗಳಿಂದ ಮೊದಲು ನಮಗೆ ತಿಳಿಯುವ ನಾಯಿ ಒಂದು ಸಾಧಾರಣ ಸಾಕುನಾಯಿ. ದೊಡ್ಡ ನಾಯಿ ಆಮೇಲೆ ಬರಬೇಕು. ಕಣ್ಣೆದುರಿನ ವಸ್ತುವನ್ನೇ ನಾವು ತಪ್ಪಾಗಿ ಓದಬಲ್ಲೆವು ಎಂಬ ಪಾಠವನ್ನು ಲೇಖಕ ಮೊದಲ ಪುಟದಲ್ಲಿಯೇ ಕಲಿಸಿಬಿಡುತ್ತಾನೆ. ಇನ್ನೊಂದು ಸಂಗತಿ: ಡಾಯ್ಲ್ ಪ್ರೇತಾತ್ಮಗಳನ್ನು ಮನಸಾರೆ ನಂಬಿದ್ದವನು, ೧೯೨೬ರಲ್ಲಿ ಪ್ರೇತವಾದದ ಚರಿತ್ರೆಯನ್ನೇ ಎರಡು ಸಂಪುಟಗಳಲ್ಲಿ ಬರೆದನು. ಆದರೂ ಹೋಮ್ಸನ ಮನೆಯ ಹೊಸ್ತಿಲನ್ನು ಒಂದು ದೆವ್ವಕ್ಕೂ ದಾಟಗೊಡಲಿಲ್ಲ. ತನ್ನ ನಂಬಿಕೆ ಬೇರೆ, ಕಥೆ ಓದುಗನಿಗೆ ಕೊಟ್ಟ ಮಾತು ಬೇರೆ ಎಂಬ ವಿವೇಕ ಅವನಿಗಿತ್ತು.

ಹೆನ್ರಿ ಜೇಮ್ಸ್ ೧೮೯೮ರಲ್ಲಿ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಬೆಂಕಿಯ ಸುತ್ತ ಕುಳಿತವರ ನಡುವೆ ತೊಡಗುತ್ತದೆ. ಯಾರೋ ಒಂದು ಕಥೆಯನ್ನು ಹೇಳಿ ಮುಗಿಸಿದ್ದಾರೆ. ಅದಕ್ಕಿಂತ ಘೋರವಾದುದನ್ನು ಬಲ್ಲೆನೆಂದು ಇನ್ನೊಬ್ಬ ಹೇಳುತ್ತಾನೆ. ಆದರೆ ಹಸ್ತಪ್ರತಿ ಬೀಗದೊಳಗಿದೆ, ತರಿಸಬೇಕು, ಕಾಯಬೇಕು. ನಮಗೆ ದೊರೆಯುವುದು ಆ ಶಿಕ್ಷಕಿಯ ಮಾತು ಅವನ ಮೂಲಕ, ಅವನದು ಮತ್ತೊಬ್ಬನ ಮೂಲಕ. ಇಷ್ಟು ಕೈ ದಾಟಿ ಬಂದ ಸಾಕ್ಷ್ಯವನ್ನು ನಂಬುವುದೆಷ್ಟು? ಅವಳು ಕಂಡ ದೆವ್ವಗಳು ಅವಳ ಮನಸ್ಸಿನವೇ ಎಂದು ಎಡ್ಮಂಡ್ ವಿಲ್ಸನ್ ೧೯೩೪ರಲ್ಲಿ ವಾದಿಸಿದನು. ಜಗಳ ಇಂದಿಗೂ ತೀರಿಲ್ಲ. ತೀರದಂತೆ ಜೇಮ್ಸ್ ಮೊದಲೇ ಬಾಗಿಲನ್ನು ಕಟ್ಟಿದ್ದಾನೆ.

ನಮ್ಮ ದೇಶದಲ್ಲಿ ಈ ವಿದ್ಯೆ ಇಲ್ಲದಿರಲಿಲ್ಲ. ರವೀಂದ್ರನಾಥ ಠಾಕೂರರ ‘ಕ್ಷುಧಿತ ಪಾಷಾಣ’ (೧೮೯೫) ಎಂಬ ಸಣ್ಣ ಕಥೆ ರೈಲಿನಲ್ಲಿ ಸಿಕ್ಕ ಅಪರಿಚಿತನಿಂದ ಪ್ರಾರಂಭವಾಗುತ್ತದೆ. ಅವನು ಎಲ್ಲವನ್ನೂ ಬಲ್ಲವನಂತೆ ಮಾತನಾಡುತ್ತಾನೆ. ಜಂಕ್ಷನ್ನಿನಲ್ಲಿ ಮುಂದಿನ ಗಾಡಿ ತಡವಾದುದರಿಂದ ಹಾಳು ಅರಮನೆಯ ತನ್ನ ಅನುಭವವನ್ನು ಹೇಳತೊಡಗುತ್ತಾನೆ. ಕಥೆಯ ಮರ್ಮಕ್ಕೆ ಬರುವ ಹೊತ್ತಿಗೆ ಗಾಡಿ ಬಂದುಬಿಡುತ್ತದೆ! ಕೇಳಿದವರಿಬ್ಬರಲ್ಲಿ ಒಬ್ಬನಿಗೆ ಅದು ನಿಜ, ಇನ್ನೊಬ್ಬನಿಗೆ ಕಟ್ಟುಕಥೆ. ಅಹಮದಾಬಾದಿನಲ್ಲಿ ಅಣ್ಣ ಸತ್ಯೇಂದ್ರನಾಥರ ಜೊತೆ ಶಾಹಿಬಾಗ್ ಅರಮನೆಯಲ್ಲಿ ಕಳೆದ ಹರೆಯದ ದಿನಗಳು ಈ ಕಥೆಗೆ ಬೀಜವಾದುವು.

ಇನ್ನೂ ಹಿಂದೆ, ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳಿಗೆ ಬಾಗಿಲಾಗಿರುವುದು ಒಂದು ಹಣ್ಣು. ಭಿಕ್ಷುವೊಬ್ಬ ದಿನವೂ ರಾಜನಿಗೆ ಹಣ್ಣೊಂದನ್ನು ತಂದೊಪ್ಪಿಸುತ್ತಾನೆ. ರಾಜ ಅದನ್ನು ಭಂಡಾರಿಯ ಕೈಗೆ ಕೊಟ್ಟು ಮರೆಯುತ್ತಾನೆ. ಒಂದು ದಿನ ಸಾಕಿದ ಮಂಗ ಹಣ್ಣನ್ನು ಕಚ್ಚಿದಾಗ ಒಳಗಿನಿಂದ ರತ್ನ ಉದುರುತ್ತದೆ. ಈ ಭಿಕ್ಷುವಿಗೆ ಏನು ಬೇಕು? ಸ್ಮಶಾನ, ಹೆಣ, ಬೇತಾಳ ಎಲ್ಲ ಆ ಒಂದು ಪ್ರಶ್ನೆಯ ಹಿಂದೆ ಬರುತ್ತವೆ. ಈಗ ನಿಂತುಹೋಗಿರುವ ‘ಚಂದಮಾಮ’ದಲ್ಲಿ, ಹೆಣವನ್ನು ಹೆಗಲಿಗೇರಿಸಿಕೊಂಡ ರಾಜನ ಚಿತ್ರವನ್ನು ನೋಡಿ ಬೆಳೆದ ನಮ್ಮ ಹಿರಿಯರಿಗೆ ಪ್ರತಿ ತಿಂಗಳೂ ಕಥೆ ಒಂದೇ ಬಗೆಯಲ್ಲಿ ತೊಡಗಿದರೂ ಬೇಸರವಾಗುತ್ತಿರಲಿಲ್ಲವಂತೆ.

ಕನ್ನಡದಲ್ಲಿ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (೧೯೬೮) ಪತ್ತೇದಾರಿ ಕಾದಂಬರಿಯಲ್ಲ. ಆದರೆ ವಸ್ತುವೊಂದನ್ನು ಕೈಯಲ್ಲಿ ಹಿಡಿದೊಡನೆ ಅದರ ಹಿಂದಿನ ಕಾಲವನ್ನು ಕಾಣಬಲ್ಲ ಅಜ್ಜಿ, ಕೇಳುತ್ತ ಕೂರುವ ಮೊಮ್ಮಗ ಇವರಿಬ್ಬರನ್ನು ಎದುರುಬದುರಾಗಿ ಕೂರಿಸಿದುದರಿಂದಲೇ ಅಲ್ಲಿಯ ಅತಿಮಾನುಷ ನಮಗೆ ಮನೆಯ ಮಾತಾಗಿದೆ. ಇನ್ನು, ಯಾರು ಬರೆದರೆಂದು ತಿಳಿಯದ ಒಂದು ಕೃತಿಯೂ ನಮ್ಮಲ್ಲಿದೆ. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಿನ ಊರುಗಳಲ್ಲಿಯೂ ರಾತ್ರಿ ಬಾಗಿಲು ತಟ್ಟುವ ದೆವ್ವದ ಗುಲ್ಲು ಹಬ್ಬಿದಾಗ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಮೂರೇ ಅಕ್ಷರ! ಬರುವವರು ಯಾರೆಂಬುದನ್ನು ಅದು ಹೇಳುವುದಿಲ್ಲ; ಬರುವುದು ಖಂಡಿತವೆಂದು ಮಾತ್ರ ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಮೊದಲ ವಾಕ್ಯವನ್ನು ನಾನಂತೂ ಕಂಡಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನಾನು ನನಗಾಗಿ ಮೂರು ಸೂತ್ರಗಳನ್ನು ಬರೆದುಕೊಂಡೆ. ಒಂದು: ದೆವ್ವಕ್ಕಿಂತ ಮೊದಲು ದಿನನಿತ್ಯದ ಲೋಕ ಬರಲಿ. ಎರಡು: ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು, ಕೋಲೋ ಹಣ್ಣೋ, ಎದುರಿಗಿರಲಿ, ಅದರಲ್ಲಿ ಒಂದೇ ಒಂದು ಸಂಗತಿ ತಪ್ಪಿರಲಿ. ಮೂರು: ಹೇಳುವವನು ಯಾರು, ಅವನಿಗೆ ಇದು ಹೇಗೆ ಗೊತ್ತು ಎಂಬುದು ತಿಳಿಯಲಿ. ಈ ಸೂತ್ರಗಳಂತೆ ಎರಡನೆಯ ಸಲ ಬರೆದುದು ಹೀಗಿತ್ತು:

‘ಹತ್ತು ವರ್ಷದಿಂದ ಯಾರೂ ನೀರು ಸೇದದ ಆ ಬಾವಿಯ ಹಗ್ಗ ಅಂದು ಬೆಳಿಗ್ಗೆ ಒದ್ದೆಯಾಗಿತ್ತು. ಅದನ್ನು ಮೊದಲು ಮುಟ್ಟಿದವನು ಹಾಲಿನ ಹುಡುಗ. ಮುಟ್ಟಿ, ಕೈಯನ್ನು ಚಡ್ಡಿಗೆ ಒರಸಿಕೊಂಡು, ಆರೂವರೆಯ ಬಸ್ಸಿಗೆ ಕ್ಯಾನು ಏರಿಸಲು ಓಡಿದ.’

ಅಧ್ಯಾಪಕರು ಓದಿ, “ಈಗ ಕೂರುವುದಕ್ಕೆ ಜಾಗವಿದೆ” ಎಂದರು. ಮೂರನೆಯ ಸೂತ್ರವನ್ನು ನಾನು ಪಾಲಿಸಿಲ್ಲವೆಂಬುದು ಅವರಿಗೂ ತೋರಲಿಲ್ಲ, ನನಗೂ ತೋರಲಿಲ್ಲ. ಸಂಕ್ರಾಂತಿಯ ರಜಕ್ಕೆ ಹಿಗ್ಗಿನಿಂದ ಊರಿಗೆ ಹೋದೆ.

ಅಜ್ಜಿ ಜಗಲಿಯಲ್ಲಿ ಅವರೆಕಾಳು ಹಿದುಕುತ್ತ ಕುಳಿತಿದ್ದಳು. ಅವಳಿಗೆ ಓದು ಬಾರದು. ನಾನೇ ಓದಿ ಹೇಳಿದೆ. ಅವಳ ಕೈ ನಿಂತಿತು.

“ಯಾವ ಬಾವಿ ಮಗ?”

“ನಮ್ಮ ತೋಪಿನ ಬಾವಿ ಅಜ್ಜಿ. ಅದರಲ್ಲಿ ದೆವ್ವ ಐತೆ ಅಂತ ಚಿಕ್ಕೋರಿದ್ದಾಗ ನೀವೆಲ್ಲಾ ಹೇಳ್ತಿರಲಿಲ್ವಾ?”

“ನಾನು ಹೇಳಿಲ್ಲ. ನೆನಪು ಮಾಡ್ಕೊ. ನಾನು ಯಾವತ್ತೂ ಹೇಳಿಲ್ಲ.”

ನೆನಪು ಮಾಡಿಕೊಂಡೆ. ನಿಜವೆ. ಊರಲ್ಲಿ ಎಲ್ಲರೂ ಹೇಳಿದ್ದರು, ಅಜ್ಜಿಯೊಬ್ಬಳು ಹೇಳಿರಲಿಲ್ಲ. ಅವಳು ಹೇಳಿರಲಿಲ್ಲವೆಂಬುದನ್ನು ಇಪ್ಪತ್ತು ವರ್ಷ ನಾನು ಗಮನಿಸಿಯೂ ಇರಲಿಲ್ಲ.

ಆ ಬಾವಿಗೆ ಬಿದ್ದು ಸತ್ತವಳೂ ನಮ್ಮ ಅಜ್ಜಿಯೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಒಟ್ಟಿಗೆ ನೀರಿಗೆ ಹೋಗುತ್ತಿದ್ದರು. ಅಂದು ದೀಪ ಹಚ್ಚಿದ ಹೊತ್ತಿನಿಂದಲೂ ಆ ಮನೆಯಿಂದ ಕೂಗು ಕೇಳುತ್ತಿತ್ತಂತೆ. ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಕೇಳಿತು. ಯಾರೂ ಬಾಗಿಲು ತೆರೆಯಲಿಲ್ಲ.

“ನಮ್ಮ ಮನೆ ಬಾಗಿಲೂ ತೆಗೀಲಿಲ್ಲ ಮಗ. ನಮ್ಮತ್ತೆ ಅಗಳಿ ಹಾಕಿದ್ರು. ನಾನು ಎದ್ದು ಕೂತಿದ್ದೆ. ಕೂತೇ ಇದ್ದೆ, ಅಷ್ಟೆ. ಎಂಟು ದಿನ ಆದ್ಮೇಲೆ ಯಾರೋ ಬಾವಿ ತಾವ ಗೆಜ್ಜೆ ಸದ್ದು ಕೇಳ್ತು ಅಂದ್ರು. ಗೆಜ್ಜೆ ಅಂತೆ! ಅವಳ ಕಾಲಾಗೆ ಒಂದೆಳೆ ಬೆಳ್ಳಿ ಇರ್ಲಿಲ್ಲ. ದೆವ್ವ ಅಂದ್ಮೇಲೆ ಊರಿಗೆಲ್ಲಾ ನಿದ್ದೆ ಬಂತು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಬದುಕಿದ್ದಾಗ ಹೆದರ್ಕೊಂಡೇ ಇದ್ಲು. ಸತ್ತ ಮೇಲೆ ಅವಳ ಕೈಲಿ ಮಂದೀನ ಹೆದರಿಸ್ಬೇಡ” ಎಂದಳು. ಮತ್ತೆ ಅವರೆಕಾಳಿಗೆ ಕೈಹಾಕಿದಳು.

ಆ ರಾತ್ರಿ ನಾನು ಓದಿದ ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲಿ ಇನ್ನೊಮ್ಮೆ ತೆರೆದು ನೋಡಿದೆ. ಬಾಸ್ಕರ್‌ವಿಲ್ ನಾಯಿಯ ಐತಿಹ್ಯ ಹುಟ್ಟಿದುದು ಹೇಗೆ? ಆ ವಂಶದ ದುಷ್ಟನೊಬ್ಬ ರೈತನೊಬ್ಬನ ಮಗಳನ್ನು ಹೊತ್ತು ತಂದು ಕೂಡಿಹಾಕಿದನು. ಅವಳು ತಪ್ಪಿಸಿಕೊಂಡು ಓಡಿ, ಬಯಲಿನಲ್ಲಿ ಭಯದಿಂದಲೂ ದಣಿವಿನಿಂದಲೂ ಬಿದ್ದು ಸತ್ತಳು. ಆ ವಂಶದ ಹೆಸರು ಪುಸ್ತಕದ ಹೊದಿಕೆಯ ಮೇಲಿದೆ, ನಾಯಿ ಲೋಕಪ್ರಸಿದ್ಧವಾಗಿದೆ. ಆ ಹುಡುಗಿಗೆ ಮಾತ್ರ ಕಾದಂಬರಿಯಲ್ಲಿ ಹೆಸರೇ ಇಲ್ಲ. ಮೊದಲ ಓದಿನಲ್ಲಿ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಠಾಕೂರರ ಕಥೆಯಲ್ಲಿ ಬೇರೆ ರೀತಿ: ಅರಮನೆಯಲ್ಲಿ ಸುಳಿಯುವ ಹೆಣ್ಣು ಹೆದರಿಸಲು ಬಂದವಳಲ್ಲ, ಬಿಡುಗಡೆಯನ್ನು ಬೇಡುವವಳು. ಅಲ್ಲಿ ನಮಗೆ ಭಯವಾಗಬೇಕಾದುದು ಅವಳನ್ನು ಕಂಡಲ್ಲ, ಹಸಿದ ಆ ಕಲ್ಲುಗಳನ್ನು ಕಂಡು.

ಆದುದರಿಂದ ನನ್ನ ಮೂರು ಸೂತ್ರಗಳಿಗೆ ನಾಲ್ಕನೆಯದೊಂದು ಸೇರಿತು. ಮೊದಲ ವಾಕ್ಯ, ಓದುಗ ಯಾರಿಗೆ ಹೆದರಬೇಕೆಂಬುದನ್ನು ಗೊತ್ತುಮಾಡಿಬಿಡುತ್ತದೆ. ಸತ್ತವಳಿಗೆ ಹೆದರುವಂತೆ ಮಾಡಿದರೆ, ಕೊಂದವರು ಅಲ್ಲಿಯೇ ತಪ್ಪಿಸಿಕೊಂಡಂತೆ. ಪತ್ತೇದಾರನ ಕೆಲಸ ಪ್ರಶ್ನೆಯನ್ನು ತೆರೆಯುವುದು. ನಮ್ಮ ಊರಿನಲ್ಲಿ ದೆವ್ವ ಮಾಡಿದ ಕೆಲಸ ಪ್ರಶ್ನೆಯನ್ನು ಮುಚ್ಚುವುದು. ನನ್ನ ಒದ್ದೆ ಹಗ್ಗ ಎಷ್ಟೇ ಚೆಂದವಾಗಿದ್ದರೂ ಊರಿನ ಆ ಹಳೆಯ ಸುಳ್ಳಿಗೆ ಇನ್ನೊಂದು ಸಾಕ್ಷಿಯಾಗುತ್ತಿತ್ತು. ಹಾಳೆಯನ್ನು ಹರಿದೆ. ಬಾವಿಯನ್ನು ಬೇರೊಂದು ಸೀಮೆಗೆ ಸಾಗಿಸಿ, ಮೂರನೆಯ ಸಲ ಬರೆದೆ:

‘ಆ ಊರಿನಲ್ಲಿ ದೆವ್ವವನ್ನು ಕಂಡವರು ಹದಿನೇಳು ಮಂದಿ. ಅವಳು ಬದುಕಿದ್ದಾಗ ಕೂಗಿದುದನ್ನು ಕೇಳಿದವರು ಒಬ್ಬರೂ ಇರಲಿಲ್ಲ.’

ಹಗ್ಗ ಇದರ ಹಿಂದೆಯೇ ಬರುತ್ತದೆ; ಒದ್ದೆಯಾಗಿಯೇ ಇರುತ್ತದೆ. ಅದಕ್ಕೆ ಕಾರಣವೇನೆಂದು ಕಡೆಯ ಪುಟದವರೆಗೂ ನಾನು ಹೇಳಲಾರೆ. ಆದರೆ ಈಗ ಓದುಗನಿಗೆ ಆ ಹದಿನೇಳು ಮಂದಿಯ ಮೇಲೆಯೇ ಅನುಮಾನ ಬರುತ್ತದೆಂಬುದು ನನ್ನ ನಂಬಿಕೆ.

ಶಿವರಾತ್ರಿಗೆ ಊರಿಗೆ ಹೋದಾಗ ಇದನ್ನೂ ಅಜ್ಜಿಗೆ ಓದಿ ಹೇಳಿದೆ. ಈ ಸಲ ಅವಳ ಮುಂದೆ ಅವರೆಕಾಳಿರಲಿಲ್ಲ, ಉಪವಾಸವಿದ್ದಳು. ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ಓದಿಸಿದಳು. ಮೆಚ್ಚಿದಳೆಂದುಕೊಂಡೆ.

“ಒಬ್ಬರೂ ಇರ್ಲಿಲ್ಲ ಅಂದ್ರೆ ಸುಳ್ಳಾಯ್ತದೆ ಮಗ” ಎಂದಳು. “ಒಬ್ಳಿದ್ಲು ಅಂತ ಬರಿ.”

ಹಾಗೆಯೇ ತಿದ್ದಿದ್ದೇನೆ. ಕೂಗಿದುದನ್ನು ಕೇಳಿದೆನೆಂದು ಒಪ್ಪಿಕೊಂಡವಳು ಒಬ್ಬಳೇ, ಅವಳು ನನ್ನ ಅಜ್ಜಿ ಎಂದು ಈಗ ಆ ವಾಕ್ಯ ಮುಗಿಯುತ್ತದೆ. ಹೇಳುವವನು ಯಾರು, ಅವನಿಗೆ ಹೇಗೆ ಗೊತ್ತು ಎಂಬ ಮೂರನೆಯ ಸೂತ್ರವೂ ಇದರಿಂದ ತಾನಾಗಿ ಈಡೇರಿತು. ಅಷ್ಟು ಪುಸ್ತಕಗಳನ್ನು ಓದಿಯೂ ನನಗೆ ಹೊಳೆಯದಿದ್ದುದನ್ನು ಅಕ್ಷರ ಬಾರದ ಅಜ್ಜಿ ಒಂದೇ ಮಾತಿನಲ್ಲಿ ತಿದ್ದಿದಳು.

ಈ ಸಂಗತಿಯನ್ನು ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಸತ್ತವಳ ಹೆಸರು ನನಗೀಗ ಗೊತ್ತು. ಅವಳ ಕಡೆಯವರು ಇನ್ನೂ ಇರುವುದರಿಂದ ಇಲ್ಲಿ ಬರೆದಿಲ್ಲ. ಎರಡನೆಯ ಅಧ್ಯಾಯವಿನ್ನೂ ಆಗಿಲ್ಲ. ಪರೀಕ್ಷೆಗಳು ಮುಗಿದ ಮೇಲೆ ಸಂಘದ ಶನಿವಾರದ ಕೂಟದಲ್ಲಿ ಓದಬೇಕೆಂದಿದ್ದೇನೆ. ಹಿಂದಿನ ಬೆಂಚಿನ ಮಿತ್ರರು ಅಂದು ತಪ್ಪದೆ ಬರಬೇಕೆಂದು ಪ್ರಾರ್ಥನೆ.